ತುವಾಲುವಿನ ಹೊರದ್ವೀಪದಲ್ಲಿ ಉಪಗ್ರಹ–ರೇಡಿಯೊ ಕೇಂದ್ರ ಕಟ್ಟುವ ಬಗೆ

ತುವಾಲು ಒಂಬತ್ತು ದ್ವೀಪಗಳ ದೇಶ. ಒಟ್ಟು ನೆಲ 26 ಚದರ ಕಿಲೋಮೀಟರ್, ಜನ ಹತ್ತು-ಹನ್ನೊಂದು ಸಾವಿರ. ವಿಮಾನ ಇಳಿಯುವುದು ರಾಜಧಾನಿ ಫುನಾಫುಟಿಯಲ್ಲಿ ಮಾತ್ರ, ಉಳಿದ ದ್ವೀಪಗಳಿಗೆ ಹಡಗೇ ಗತಿ. ದಕ್ಷಿಣದ ನುಕುಲೇಲೇ ಫುನಾಫುಟಿಯಿಂದ ಸುಮಾರು 120 ಕಿ.ಮೀ., ಉತ್ತರದ ತುದಿಯ ನನುಮೇಯಾ ಸುಮಾರು 465 ಕಿ.ಮೀ. ಇಂಥ ದ್ವೀಪವೊಂದರ ಆಸ್ಪತ್ರೆ, ಶಾಲೆ ಮತ್ತು ಕೌಪುಲೆ ಅಂದರೆ ಸ್ಥಳೀಯ ಆಡಳಿತ ಕಚೇರಿ, ಈ ಮೂರಕ್ಕೆ ಸಂಪರ್ಕ ಕೊಡುವ ಪುಟ್ಟ ಕೇಂದ್ರವನ್ನು ಕಟ್ಟಿ ನಡೆಸುವ ಕ್ರಮ ಇಲ್ಲಿದೆ.

ಮೊದಲೇ ಒಂದು ಮಾತು. ಇಲ್ಲಿ ಸಂಪರ್ಕ ಕಡಿದರೆ ಎಲ್ಲರ ಕಣ್ಣೂ ಆಕಾಶದ ಕಡೆ ಹೋಗುತ್ತದೆ. ಆದರೆ ಉಪಗ್ರಹ ಕೆಡುವುದು ಅಪರೂಪ. ಕೆಡುವುದು ಕನೆಕ್ಟರ್, ಬ್ಯಾಟರಿ, ಫ್ಯೂಸ್ ಮತ್ತು ಬೋಲ್ಟ್. ಐವತ್ತು ರೂಪಾಯಿಯ ಕನೆಕ್ಟರ್ ಕೆಟ್ಟರೆ ಮುಂದಿನ ಹಡಗಿನವರೆಗೆ ಇಡೀ ದ್ವೀಪ ಮೂಕವಾಗುತ್ತದೆ. ಹಾಗಾಗಿ ವೇಗ ಎಷ್ಟು ಸಿಗುತ್ತದೆ ಎಂದು ಕೇಳುವ ಮುಂಚೆ, ಯಾವುದು ಕೆಟ್ಟರೆ ಯಾರು ಯಾವ ಸಾಮಾನಿನಿಂದ ಅಲ್ಲೇ ಸರಿಮಾಡುತ್ತಾರೆ ಎಂದು ಕೇಳಿಕೊಳ್ಳಬೇಕು. ಕೆಳಗಿನ ಪ್ರತಿ ಆಯ್ಕೆಯ ಹಿಂದೆ ಇರುವುದು ಇದೇ ಪ್ರಶ್ನೆ.

ಒಂದೇ ದಾರಿಯನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಟೋಂಗಾ ಸಾಕ್ಷಿ. 2022ರ ಜನವರಿ 15ರಂದು ಹುಂಗಾ ಟೋಂಗಾ–ಹುಂಗಾ ಹಾಪೈ ಜ್ವಾಲಾಮುಖಿ ಸಿಡಿದಾಗ ಆ ದೇಶವನ್ನು ಫಿಜಿಗೆ ಜೋಡಿಸಿದ್ದ ಏಕೈಕ ಸಮುದ್ರತಳದ ಕೇಬಲ್ ತುಂಡಾಯಿತು. ದುರಸ್ತಿ ಹಡಗು ಪಪುವಾ ನ್ಯೂಗಿನಿಯ ಪೋರ್ಟ್ ಮೊರೆಸ್ಬಿಯಿಂದ ಬರಬೇಕಾಯಿತು, ಸಂಪರ್ಕ ಮರಳಿದ್ದು ಫೆಬ್ರವರಿ 22ಕ್ಕೆ. ಅಷ್ಟೂ ವಾರ ದೇಶವನ್ನು ಹಿಡಿದು ನಿಲ್ಲಿಸಿದ್ದು ಉಪಗ್ರಹ. ಒಳದ್ವೀಪಗಳಿಗೆ ಹೋಗುತ್ತಿದ್ದ ಕೇಬಲ್ ಸರಿಹೋಗಲು ಮರುವರ್ಷದವರೆಗೆ ಕಾಯಬೇಕಾಯಿತು.

ಆದ್ದರಿಂದ ಮೂರು ಪದರ ಇಡಿ. ದಿನಬಳಕೆಗೆ ಉಪಗ್ರಹದ ಡಿಶ್, ದ್ವೀಪದಿಂದ ದ್ವೀಪಕ್ಕೆ ನೂರಾರು ಕಿ.ಮೀ. ಮುಟ್ಟುವ ಎಚ್‌ಎಫ್ ರೇಡಿಯೊ, ದೋಣಿಗಳಿಗೆ ಹತ್ತಿರದ ಮಾತಿನ ವಿಎಚ್‌ಎಫ್ ರೇಡಿಯೊ. ಮೂರೂ ಒಂದೇ ಬ್ಯಾಟರಿಗೆ ನೇತುಬಿದ್ದರೆ ಮೂರು ಪದರ ಎಂಬುದು ಹೆಸರಿಗಷ್ಟೇ. ಎಚ್‌ಎಫ್ ರೇಡಿಯೊಗೆ ಅದರದೇ ಸೋಲಾರ್ ಫಲಕ, ಅದರದೇ ಬ್ಯಾಟರಿ, ಫಲಕದಿಂದ ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಹದಗೊಳಿಸುವ ಅದರದೇ ಚಾರ್ಜ್ ಕಂಟ್ರೋಲರ್ ಇರಲೇಬೇಕು. ಖರ್ಚು ಉಳಿಸಲು ಎಲ್ಲಿ ಬೇಕಾದರೂ ಕೈ ಬಿಗಿಹಿಡಿಯಿರಿ, ಇಲ್ಲಿ ಮಾತ್ರ ಬೇಡ.

ಹಡಗು ಹತ್ತುವ ಮುಂಚೆ

ಫ್ರೀಕ್ವೆನ್ಸಿ ಪರವಾನಗಿ ಮತ್ತು ಉಪಗ್ರಹ ಟರ್ಮಿನಲ್ಲಿನ ಅನುಮತಿ ಫುನಾಫುಟಿಯಲ್ಲೇ ಕೈಸೇರಬೇಕು. ಸರಕಾರಿ ಸಂಸ್ಥೆಯಾದ ತುವಾಲು ಟೆಲಿಕಮ್ಯುನಿಕೇಷನ್ಸ್ ಕಾರ್ಪೊರೇಷನ್ ಜತೆ ಮಾತಾಡಿಕೊಂಡರೆ ಹೊರದ್ವೀಪದಲ್ಲಿ ಈಗಾಗಲೇ ಏನಿದೆ, ಯಾವ ಕಂಬ ಬಳಸಬಹುದು ಎಂಬುದೂ ತಿಳಿಯುತ್ತದೆ. ಇನ್ನು ಜಾಗದ ಪ್ರಶ್ನೆ. ಇಲ್ಲಿನ ನೆಲ ಕುಟುಂಬಗಳ ಸ್ವತ್ತು. ಕೌಪುಲೆಯ ಮೂಲಕ ಹಿರಿಯರ ಸಭೆಯ ಒಪ್ಪಿಗೆ ಪಡೆಯದೆ ಒಂದು ಗುಂಡಿಯನ್ನೂ ತೋಡಬೇಡಿ. ಒಪ್ಪಿಗೆ ಕೇಳುವಾಗ ಡಿಶ್ಶಿನ ಜಾಗದ ಜತೆಗೆ ಅದರ ಮುಂದಿನ ಮರಗಳ ಮಾತನ್ನೂ ಆಡಿ ಮುಗಿಸಿ. ಈಗ ಎಂಟು ಮೀಟರ್ ಇರುವ ಎಳೆಯ ತೆಂಗು ಮುಂದೆ ಇಪ್ಪತ್ತು ಮೀಟರ್ ದಾಟಬಹುದು.

ಲಿಥಿಯಂ ಬ್ಯಾಟರಿ ಹಡಗಿನಲ್ಲಿ ಅಪಾಯಕಾರಿ ಸರಕು, ಯುಎನ್ 3480 ಎಂಬ ಸಂಖ್ಯೆಯಡಿ ಘೋಷಣೆ ಮಾಡಬೇಕು. ಕಾಗದ ಸರಿಯಿಲ್ಲದೆ ಬ್ಯಾಟರಿ ಮಾತ್ರ ಧಕ್ಕೆಯಲ್ಲೇ ಉಳಿದರೆ ಉಳಿದೆಲ್ಲ ಸಾಮಾನು ತಲುಪಿಯೂ ಪ್ರಯೋಜನವಿಲ್ಲ. ಬಹುತೇಕ ದ್ವೀಪಗಳಲ್ಲಿ ಹಡಗು ದಡಕ್ಕೆ ತಾಗುವುದಿಲ್ಲ. ಹೊರಗೆ ನಿಂತು ಸಣ್ಣ ದೋಣಿಗೆ ಸರಕು ಇಳಿಸುತ್ತದೆ, ದೋಣಿ ಹವಳದ ದಂಡೆ ದಾಟಿ ಬರುತ್ತದೆ. ಯಾವ ಪೆಟ್ಟಿಗೆಯೂ ಇಬ್ಬರು ಎತ್ತುವಷ್ಟಕ್ಕಿಂತ ಭಾರ ಇರಬಾರದು, ಒಂದೊಂದೂ ನೀರು ಹೋಗದಂತೆ ಸುತ್ತಿರಬೇಕು. ಫುನಾಫುಟಿಯಲ್ಲಿ ಎಲ್ಲವನ್ನೂ ಒಮ್ಮೆ ಜೋಡಿಸಿ ಚಾಲೂ ಮಾಡಿ ನೋಡಿ, ಆಮೇಲೆ ಬಿಚ್ಚಿ ಕಟ್ಟಿ. ಒಂದು ವಾಷರ್ ಕಡಿಮೆ ಬಿದ್ದರೂ ಅದು ಗೊತ್ತಾಗಬೇಕಾದದ್ದು ಅಂಗಡಿ ಹತ್ತಿರ ಇರುವಾಗ.

ವಿದ್ಯುತ್ತಿನ ಲೆಕ್ಕ

ಉಪಗ್ರಹ ಮೋಡೆಮ್ ಮತ್ತು ಡಿಶ್ಶಿನ ಟ್ರಾನ್ಸ್‌ಸೀವರ್ (ಡಿಶ್ಶಿನ ಮುಂದೆ ಕೂತು ಸಿಗ್ನಲ್ ಕಳಿಸುವ, ಹಿಡಿಯುವ ಘಟಕ) ಸೇರಿ 45 ವ್ಯಾಟ್, ವೈಫೈ ರೂಟರ್ 10 ವ್ಯಾಟ್, ವಿಎಚ್‌ಎಫ್ ಸೆಟ್ಟು ಕೇಳುತ್ತ ಕೂತಾಗ 5 ವ್ಯಾಟ್ ಎಂದಿಟ್ಟುಕೊಳ್ಳಿ. ಒಟ್ಟು 60 ವ್ಯಾಟ್, 24 ತಾಸಿಗೆ 1,440 ವ್ಯಾಟ್-ಅವರ್. ತಂತಿ, ಪರಿವರ್ತಕಗಳ ನಷ್ಟ ಸೇರಿಸಿದರೆ ದಿನಕ್ಕೆ 1,600. ಮೂರು ದಿನ ಮೋಡ ಮುಚ್ಚಿದರೂ ನಡೆಯಬೇಕೆಂದರೆ 4,800. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಶೇ. 80ರಷ್ಟೇ ಖಾಲಿ ಮಾಡುವುದೆಂದರೆ 6 ಕಿಲೋವ್ಯಾಟ್-ಅವರ್ ಬೇಕು. 25.6 ವೋಲ್ಟಿನ 240 ಆಂಪಿಯರ್-ಅವರ್ ಬ್ಯಾಂಕ್ ಇದಕ್ಕೆ ಸರಿಹೋಗುತ್ತದೆ. ಲೆಡ್-ಆಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸುವಂತಿಲ್ಲ, ಹೆಚ್ಚುಕಡಿಮೆ 10 ಕಿಲೋವ್ಯಾಟ್-ಅವರ್ ಬೇಕಾಗುತ್ತದೆ. ಅದರ ಮೇಲೆ, 25 ಡಿಗ್ರಿಯನ್ನು ಮೀರಿ ಪ್ರತಿ 10 ಡಿಗ್ರಿ ಏರಿದಂತೆ ಅದರ ಆಯಸ್ಸು ಅರ್ಧವಾಗುತ್ತದೆ. ವರ್ಷಪೂರ್ತಿ 28ರಿಂದ 31 ಡಿಗ್ರಿ ಇರುವ ಊರಿಗೆ ಅದು ಒಗ್ಗುವುದಿಲ್ಲ.

ಫಲಕ ಎಷ್ಟು? ಮೋಡದ ತಿಂಗಳಲ್ಲಿ ದಿನಕ್ಕೆ ನಾಲ್ಕು ತಾಸಿನ ಪೂರ್ಣ ಬಿಸಿಲು, ಕಾವು ಮತ್ತು ಕೊಳೆಯಿಂದ ಕಾಲು ಭಾಗ ನಷ್ಟ ಎಂದು ಹಿಡಿದರೆ 550 ವ್ಯಾಟಿಗೆ ದಿನದ ಖರ್ಚು ಹುಟ್ಟುತ್ತದೆ. ಅಷ್ಟಕ್ಕೇ ನಿಂತರೆ ಒಮ್ಮೆ ಖಾಲಿಯಾದ ಬ್ಯಾಟರಿ ಮತ್ತೆ ತುಂಬುವುದೇ ಇಲ್ಲ. 800 ವ್ಯಾಟ್ ಹಾಕಿ. ದಿನಕ್ಕೆ 2,400 ಬರುತ್ತದೆ, ಖರ್ಚು ಕಳೆದು 800 ಮಿಗುತ್ತದೆ, ಪೂರಾ ಬಸಿದ ಬ್ಯಾಂಕ್ ಆರು ದಿನದಲ್ಲಿ ತುಂಬುತ್ತದೆ. 400 ವ್ಯಾಟಿನ ಎರಡು ಫಲಕಗಳನ್ನು ಸರಣಿಯಲ್ಲಿ ಜೋಡಿಸಿದರೆ ತಂತಿಯಲ್ಲಿ ಹರಿಯುವುದು ಸುಮಾರು 10 ಆಂಪಿಯರ್ ಮಾತ್ರ, 20 ಮೀಟರ್ ದೂರಕ್ಕೂ 6 ಚದರ ಮಿ.ಮೀ. ತಂತಿ ಸಾಕು. ಕಂಟ್ರೋಲರ್ 150 ವೋಲ್ಟ್ ತಡೆಯುವ, 40 ಆಂಪಿಯರಿನ ಎಂಪಿಪಿಟಿ (ಫಲಕದಿಂದ ಗರಿಷ್ಠ ಶಕ್ತಿ ಎಳೆಯುವ ಬಗೆಯದು) ಇರಲಿ. ಸಮಭಾಜಕಕ್ಕೆ ಇಷ್ಟು ಹತ್ತಿರದಲ್ಲಿ ಫಲಕವನ್ನು ಬಿಸಿಲಿಗಾಗಿ ವಾಲಿಸುವ ಅಗತ್ಯ ಅಷ್ಟಿಲ್ಲ. ಆದರೂ ಉತ್ತರಕ್ಕೆ 10 ಡಿಗ್ರಿ ಇಳಿಜಾರು ಕೊಡಿ. ಮಳೆ ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ.

ಇನ್ವರ್ಟರ್ ಬೇಡ. ಏನೂ ಕೆಲಸ ಇಲ್ಲದಾಗಲೂ ಅದು 20ರಿಂದ 30 ವ್ಯಾಟ್ ನುಂಗುತ್ತದೆ, ಅಂದರೆ ದಿನದ ಒಟ್ಟು ಖರ್ಚಿನ ಶೇ. 30ರಿಂದ 45ರಷ್ಟು. ಡಿಸಿಯಲ್ಲಿ, ಅಂದರೆ ಬ್ಯಾಟರಿಯ ನೇರ ವಿದ್ಯುತ್ತಿನಲ್ಲಿ, ನಡೆಯುವ ಮೋಡೆಮ್ಮನ್ನೇ ಕೊಳ್ಳಿ, ಉಳಿದವುಗಳಿಗೆ ಡಿಸಿ–ಡಿಸಿ ಪರಿವರ್ತಕ ಹಾಕಿ. ಇನ್ವರ್ಟರ್ ಇದ್ದರೆ ಫ್ಯಾನು, ಅಕ್ಕಿ ಕುಕ್ಕರ್, ಮೊಬೈಲ್ ಚಾರ್ಜರ್ ಎಲ್ಲ ಅದರ ಬಾಲಕ್ಕೆ ಬಂದು ಸೇರುತ್ತವೆ. ಜನರಿಗೆ ಮೊಬೈಲ್ ಚಾರ್ಜ್ ಬೇಕೇ ಬೇಕು, ಅದನ್ನು ಬೇರೆಯೇ 100 ವ್ಯಾಟ್ ಫಲಕದಲ್ಲಿ ಕೊಡಿ. ಬ್ಯಾಟರಿಯ ಧನ ತುದಿಯಿಂದ 20 ಸೆಂ.ಮೀ. ಒಳಗೇ ಫ್ಯೂಸ್ ಕೂರಿಸಿ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸ್ಪ್ಯಾನರ್ ಕೆಂಪಗೆ ಕಾಯುವಷ್ಟು ಕರೆಂಟು ಹರಿಯುತ್ತದೆ.

ಎಚ್‌ಎಫ್‌ನ ಪ್ರತ್ಯೇಕ ಘಟಕಕ್ಕೆ 12.8 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿ ಮತ್ತು 150 ವ್ಯಾಟ್ ಫಲಕ ಸಾಕು. ರೇಡಿಯೊ ದಿನವಿಡೀ ಚಾಲೂ ಇದ್ದು ಒಂದು ತಾಸು ಮಾತಾಡಿದರೂ ಖರ್ಚು 400 ವ್ಯಾಟ್-ಅವರ್ ದಾಟುವುದಿಲ್ಲ. 100 ವ್ಯಾಟಿನ ರೇಡಿಯೊ ಮಾತಿನ ಏರುದನಿಯಲ್ಲಿ 20 ಆಂಪಿಯರ್ ಎಳೆಯುತ್ತದೆ, ಹಾಗಾಗಿ ಬ್ಯಾಟರಿಯಿಂದ ರೇಡಿಯೊಗೆ 3 ಮೀಟರ್ ಮೀರದ 10 ಚದರ ಮಿ.ಮೀ. ತಂತಿ ಬಳಸಿ. ತಂತಿ ಸಣ್ಣದಾದರೆ ವೋಲ್ಟೇಜ್ ಕುಸಿದು ದನಿ ಒಡೆಯುತ್ತದೆ. ಆಚೆಯವರು ರೇಡಿಯೊ ಕೆಟ್ಟಿದೆ ಎನ್ನುತ್ತಾರೆ, ಈಚೆಯವರು ಕೆಡದ ರೇಡಿಯೊವನ್ನು ಬಿಚ್ಚುತ್ತಾರೆ.

ಮೊದಲು ಎಚ್‌ಎಫ್, ಆಮೇಲೆ ಡಿಶ್

ಡಿಶ್ ಹೊಂದಿಸುವಾಗ ಉಪಗ್ರಹ ಕಂಪನಿಯ ನಿಯಂತ್ರಣ ಕೇಂದ್ರದ ಜತೆ ಮಾತಾಡಬೇಕಾಗುತ್ತದೆ. ಆಗ ದ್ವೀಪದಲ್ಲಿ ಬೇರೆ ಫೋನು ಇರುವ ಖಾತರಿಯಿಲ್ಲ. ಅದಕ್ಕೇ ಎಚ್‌ಎಫ್ ಮೊದಲು ಎದ್ದು ನಿಲ್ಲಬೇಕು. ನಿಮ್ಮ ಮಾತನ್ನು ಫುನಾಫುಟಿಯಲ್ಲಿರುವವರು ಕಂಪನಿಗೆ ತಲುಪಿಸುತ್ತಾರೆ.

120ರಿಂದ 465 ಕಿ.ಮೀ. ಎಂದರೆ ನೆಲಕ್ಕೆ ಅಂಟಿಕೊಂಡು ಸಾಗುವ ಅಲೆಗೆ ದೂರ, ಓರೆಯಾಗಿ ಆಕಾಶಕ್ಕೇರಿ ದೂರ ಇಳಿಯುವ ಅಲೆಗೆ ತೀರ ಹತ್ತಿರ. ಇಲ್ಲಿ ಬೇಕಾದದ್ದು ನೆಟ್ಟಗೆ ಮೇಲಕ್ಕೆ ಹೋಗಿ ಅಯಾನುಗೋಳಕ್ಕೆ, ಅಂದರೆ ವಾಯುಮಂಡಲದ ಮೇಲಿನ ವಿದ್ಯುತ್ ಕಣಗಳ ಪದರಕ್ಕೆ, ಬಡಿದು ಸುತ್ತಲೂ ಮಳೆಯಂತೆ ಇಳಿಯುವ ಅಲೆ. ಹಾಗಾಗಿ ಆಂಟೆನಾ ತಗ್ಗಿನಲ್ಲೇ ಇರಬೇಕು, ನಡುವೆ 8 ಮೀಟರ್ ಎತ್ತರ ಸಾಕು. ಎತ್ತರದ ಗೋಪುರ ಸಿಕ್ಕಿತೆಂದು ಅದರ ತುದಿಗೆ ಕಟ್ಟಿದರೆ ಫಿಜಿ ಕೇಳಿಸುತ್ತದೆ, ಪಕ್ಕದ ದ್ವೀಪ ಕೇಳಿಸುವುದಿಲ್ಲ. ಪರವಾನಗಿಯಲ್ಲಿ ಕನಿಷ್ಠ ಎರಡು ಫ್ರೀಕ್ವೆನ್ಸಿ ಕೇಳಿ: ಹಗಲಿಗೆ 6ರಿಂದ 8 ಮೆಗಾಹರ್ಟ್ಸ್ ನಡುವೆ ಒಂದು, ರಾತ್ರಿಗೆ 3ರಿಂದ 4ರ ನಡುವೆ ಒಂದು. ಹಗಲಿನದನ್ನು ರಾತ್ರಿ ಬಳಸಿದರೆ ಅಲೆ ಅಯಾನುಗೋಳವನ್ನು ತೂರಿಕೊಂಡು ಹೋಗಿಬಿಡುತ್ತದೆ, ರಾತ್ರಿಯದನ್ನು ಹಗಲು ಬಳಸಿದರೆ ಕೆಳಪದರ ಅದನ್ನು ಹೀರಿಬಿಡುತ್ತದೆ.

ನಡುವಿನಿಂದ ಎರಡೂ ಬದಿಗೆ ಚಾಚುವ ಡೈಪೋಲ್ ಆಂಟೆನಾ ತಂತಿಯ ಒಟ್ಟು ಉದ್ದ ಮೀಟರಿನಲ್ಲಿ 143ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದಷ್ಟು. 7ಕ್ಕೆ 20.4 ಮೀಟರ್, 4ಕ್ಕೆ 35.75 ಮೀಟರ್. ಎರಡೂ ಜೋಡಿ ತಂತಿಗಳನ್ನು ಒಂದೇ 1:1 ಬ್ಯಾಲನ್‌ಗೆ (ಕೇಬಲ್ಲನ್ನು ಆಂಟೆನಾ ತಂತಿಗೆ ಹೊಂದಿಸುವ ಘಟಕ) ಕಟ್ಟಿ, ತಲೆಕೆಳಗಾದ ‘ವಿ’ ಆಕಾರದಲ್ಲಿ ಇಳಿಬಿಡಿ. ತುದಿಗಳು ನೆಲದಿಂದ 3 ಮೀಟರ್ ಮೇಲೇ ಇರಲಿ. ಮಾತಾಡುವಾಗ ತುದಿಯಲ್ಲಿ ಹೆಚ್ಚಿನ ವೋಲ್ಟೇಜ್ ಇರುತ್ತದೆ, ಮಕ್ಕಳ ಕೈಗೆ ಸಿಗಬಾರದು. ಪ್ಲಾಸ್ಟಿಕ್ ಹೊದಿಕೆಯ, ತವರ ಲೇಪಿಸಿದ ತಾಮ್ರದ ತಂತಿಯನ್ನೇ ಆರಿಸಿ. ಲೆಕ್ಕಕ್ಕಿಂತ ಅರ್ಧ ಮೀಟರ್ ಉದ್ದವಾಗಿ ಕತ್ತರಿಸಿ, ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಶಕ್ತಿ ರೇಡಿಯೊಗೆ ಹಿಂದಿರುಗುತ್ತದೆ ಎಂಬುದರ ಅಳತೆ) ಮೀಟರ್ ನೋಡುತ್ತ ಟ್ರಿಮ್ ಮಾಡಿ. ಉದಾಹರಣೆಗೆ 20.4 ಮೀಟರಿನ ತಂತಿಗೆ ಕನಿಷ್ಠ ಎಸ್‌ಡಬ್ಲ್ಯುಆರ್ 6.7 ಮೆಗಾಹರ್ಟ್ಸಿನಲ್ಲಿ ಸಿಕ್ಕಿತು, ನಿಮಗೆ ಬೇಕಾದದ್ದು 7.0 ಎಂದರೆ, ಹೊಸ ಉದ್ದ 20.4 × 6.7 ÷ 7.0 = 19.5 ಮೀಟರ್. ಎರಡೂ ಬದಿ ಸುಮಾರು 44 ಸೆಂ.ಮೀ. ತೆಗೆಯಬೇಕು. ಒಮ್ಮೆಗೇ ಅಷ್ಟೂ ಕತ್ತರಿಸದೆ ಮಡಚಿ ಸುತ್ತಿ ನೋಡಿ, ಸರಿಬಂದ ಮೇಲೆ ಕತ್ತರಿ ಹಾಕಿ. ಎಸ್‌ಡಬ್ಲ್ಯುಆರ್ 1.5ಕ್ಕಿಂತ ಕೆಳಗಿದ್ದರೆ ಒಳ್ಳೆಯದು. 2 ದಾಟಿದರೆ ರೇಡಿಯೊ ತನ್ನ ರಕ್ಷಣೆಗೆ ಶಕ್ತಿಯನ್ನು ತಾನೇ ತಗ್ಗಿಸುತ್ತದೆ.

ತುದಿ ಕಟ್ಟಲು ತೆಂಗಿನ ಮರ ಬಳಸುವುದಾದರೆ ಗಂಟು ಹಾಕಿ ಬಿಗಿಯಬೇಡಿ. ಮರ ಗಾಳಿಗೆ ಒಂದೆರಡು ಮೀಟರ್ ಓಲಾಡುತ್ತದೆ, ಬಿಗಿದ ತಂತಿ ಮೊದಲ ಬಿರುಗಾಳಿಗೇ ತುಂಡಾಗುತ್ತದೆ. ಮರಕ್ಕೆ ರಾಟೆ ಕಟ್ಟಿ, ಹಗ್ಗವನ್ನು ರಾಟೆಯ ಮೇಲಿಂದ ಕೆಳಗಿಳಿಸಿ, ಕೊನೆಗೆ ಮರಳು ತುಂಬಿದ ಐದು ಕಿಲೋ ಕ್ಯಾನ್ ತೂಗುಬಿಡಿ. ಮರ ಓಲಿದಾಗ ಕ್ಯಾನು ಏರಿ ಇಳಿಯುತ್ತದೆ, ತಂತಿಯ ಬಿಗುವು ಹಾಗೇ ಇರುತ್ತದೆ. ಹಗ್ಗ ಬಿಸಿಲು ತಡೆಯುವ ಪಾಲಿಯೆಸ್ಟರ್ ಇರಲಿ. ನೀಲಿ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಬೇಗ ಪುಡಿಯಾಗುತ್ತದೆ.

ಎಂಪಿಪಿಟಿ ಕಂಟ್ರೋಲರುಗಳು ಎಚ್‌ಎಫ್‌ನಲ್ಲಿ ಗರಗರ ಸದ್ದು ಎಬ್ಬಿಸುತ್ತವೆ. ಪತ್ತೆ ಸುಲಭ: ರಾತ್ರಿ ಶಾಂತ, ಬಿಸಿಲೇರಿದಂತೆ ಗಲಾಟೆ. ಕಂಟ್ರೋಲರನ್ನು ಆಂಟೆನಾ ಕೇಬಲ್ಲಿನಿಂದ ಮೂರು ಮೀಟರಾದರೂ ದೂರ ಇಡಿ. ಫಲಕದ ಮತ್ತು ಬ್ಯಾಟರಿಯ ಎರಡೂ ಬದಿಯ ತಂತಿಜೋಡಿಗಳನ್ನು ಗಲಾಟೆ ತಡೆಯುವ ಫೆರೈಟ್ ಉಂಗುರದಲ್ಲಿ (‘31 ಮಿಶ್ರಣ’ ಎಂಬ ಬಗೆಯದು) ಎಂಟ್ಹತ್ತು ಸುತ್ತು ಹಾಯಿಸಿ. ಅದಕ್ಕೂ ಬಗ್ಗದಿದ್ದರೆ ಫಲಕಕ್ಕೊಂದು ಸ್ವಿಚ್ ಹಾಕಿ, ನಿಗದಿತ ಮಾತಿನ ಹೊತ್ತಿಗೆ ಹದಿನೈದು ನಿಮಿಷ ಆರಿಸಿಬಿಡಿ.

ಡಿಶ್ಶಿನ ಅಡಿಪಾಯ

1.2 ಮೀಟರಿನ ಡಿಶ್ಶಿಗೆ ತಾಸಿಗೆ 180 ಕಿ.ಮೀ. ಗಾಳಿ ಬಡಿದರೆ ಸುಮಾರು 240 ಕಿಲೋ ಭಾರದಷ್ಟು ತಳ್ಳುವಿಕೆ. ಕಂಬ ಎತ್ತರವಾದಷ್ಟೂ ಅದು ಅಡಿಪಾಯವನ್ನು ಮಗುಚುವ ಬಲ ಹೆಚ್ಚು. ನೆಲದಿಂದ ಒಂದೂವರೆ ಮೀಟರ್ ಮೀರಬೇಡಿ. 89 ಮಿ.ಮೀ. ಹೊರವ್ಯಾಸದ ದಪ್ಪ ಜಿಐ ಪೈಪು, ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, 80 ಸೆಂ.ಮೀ. ಆಳದ ಕಾಂಕ್ರೀಟ್ ಗಟ್ಟಿ. ಸಿಮೆಂಟ್, ಮರಳು, ಜಲ್ಲಿಯ 1:2:4 ಮಿಶ್ರಣಕ್ಕೆ 40 ಕಿಲೋದ ಏಳು ಚೀಲ ಸಿಮೆಂಟ್, 150 ಲೀಟರ್ ನೀರು. ಪೈಪು ಗಟ್ಟಿಯೊಳಗೆ ತಿರುಗದಂತೆ ಅದರ ಬುಡಕ್ಕೆ ಅಡ್ಡ ಸರಳು ಬೆಸೆದಿರಲಿ.

ಆ 150 ಲೀಟರ್ ನೀರಿನ ಬಗ್ಗೆ ಇನ್ನೊಂದು ಮಾತು. ಇಲ್ಲಿ ನದಿಯಿಲ್ಲ, ಬಾವಿಯ ನೀರು ಉಪ್ಪು. ಕುಡಿಯುವುದು ಛಾವಣಿಯಿಂದ ಟ್ಯಾಂಕಿಗೆ ಹಿಡಿದ ಮಳೆನೀರು. 2011ರ ಬರದಲ್ಲಿ ದೇಶ ತುರ್ತು ಪರಿಸ್ಥಿತಿ ಘೋಷಿಸಿ ನೀರನ್ನು ಅಳೆದು ಹಂಚಿತ್ತು. ಆದ್ದರಿಂದ ಕೌಪುಲೆಯನ್ನು ಕೇಳಿ, ಮಳೆಗಾಲದಲ್ಲಿ ಕಾಂಕ್ರೀಟ್ ಹಾಕಿ. ನೀರಿಗೆ ಬದಲು ಸಮುದ್ರದ ನೀರು, ತೊಳೆಯದ ಕಡಲ ಮರಳು ಬಳಸಿದರೆ ಉಪ್ಪು ಒಳಗಿನ ಕಬ್ಬಿಣವನ್ನು ತಿಂದು ಗಟ್ಟಿ ಸೀಳುತ್ತದೆ. ಬರಗಾಲವಾದರೆ ಕಾಂಕ್ರೀಟ್ ಬಿಟ್ಟು, ತಟ್ಟೆಯ ಮೇಲೆ ನಿಲ್ಲುವ ಸ್ಟ್ಯಾಂಡಿಗೆ ಹವಳದ ಕಲ್ಲು ತುಂಬಿದ ಚೀಲಗಳ ಭಾರ ಹೇರಿ.

ಕಾಂಕ್ರೀಟ್ ಹಸಿಯಿರುವಾಗಲೇ ರಸಮಟ್ಟವನ್ನು ಪೈಪಿನ ಎರಡು ಬದಿಗೆ, ಒಂದಕ್ಕೊಂದು ಲಂಬವಾಗಿ ಹಿಡಿದು ನೆಟ್ಟಗೆ ಮಾಡಿ. ಕಂಬ ಒಂದು ಡಿಗ್ರಿ ವಾಲಿದರೂ ಡಿಶ್ ತಿರುಗಿಸುವಾಗ ಅದರ ಎತ್ತರದ ಕೋನವೂ ಸರಿದು, ಎಷ್ಟು ಹುಡುಕಿದರೂ ಸಿಗ್ನಲ್ ಸಿಗದೆ ದಿನ ಕಳೆಯುತ್ತದೆ.

ದಿಕ್ಕು ಹಿಡಿಯುವುದು

2019ರ ಡಿಸೆಂಬರಿನಲ್ಲಿ ಹಾರಿಸಿದ ಕಸಿಫಿಕ್-1 ಉಪಗ್ರಹ 150 ಡಿಗ್ರಿ ಪೂರ್ವ ರೇಖಾಂಶದ ಮೇಲಿದೆ. ಸಣ್ಣ ಸಣ್ಣ 56 ಕಿರಣಗಳಲ್ಲಿ ಕೆಎ-ಬ್ಯಾಂಡ್ ಎಂಬ ಅತಿ ಚಿಕ್ಕ ಅಲೆಗಳ ಸೇವೆ ಕೊಡುವ ಇದನ್ನೇ ಉದಾಹರಣೆಗೆ ಹಿಡಿಯೋಣ. ಫುನಾಫುಟಿಯಿಂದ ನೋಡಿದರೆ ಅದು ನಿಜವಾದ ಉತ್ತರದಿಂದ ಸುಮಾರು 285 ಡಿಗ್ರಿಯ ದಿಕ್ಕಿನಲ್ಲಿ, ಅಂದರೆ ಪಶ್ಚಿಮದಿಂದ ಕೊಂಚ ಉತ್ತರಕ್ಕೆ, ದಿಗಂತದಿಂದ 54.7 ಡಿಗ್ರಿ ಎತ್ತರದಲ್ಲಿದೆ. ಉಳಿದ ದ್ವೀಪಗಳಿಗೆ ಕೆಲವು ಡಿಗ್ರಿ ವ್ಯತ್ಯಾಸ ಬರುತ್ತದೆ, ಆಯಾ ಅಕ್ಷಾಂಶ ರೇಖಾಂಶ ಹಾಕಿ ಲೆಕ್ಕ ಮಾಡಿಕೊಳ್ಳಿ. ಹತ್ತು ಡಿಗ್ರಿ ಬಿಡುವು ಇಟ್ಟುಕೊಂಡರೆ ಮರದ ನಿಯಮ ಬಾಯಲ್ಲೇ ಉಳಿಯುತ್ತದೆ: ಆ ದಿಕ್ಕಿನ ಮರ ಎಷ್ಟು ಎತ್ತರವೋ ಕನಿಷ್ಠ ಅಷ್ಟೇ ದೂರ ಇರಬೇಕು.

ಕಾಂತೀಯ ದಿಕ್ಸೂಚಿ ಇಲ್ಲಿ ನಿಜ ಉತ್ತರಕ್ಕಿಂತ ಹತ್ತು-ಹನ್ನೆರಡು ಡಿಗ್ರಿ ಪೂರ್ವಕ್ಕೆ ತೋರಿಸುತ್ತದೆ, ಅಷ್ಟನ್ನು 285ರಿಂದ ಕಳೆಯಬೇಕು. ಡಿಶ್ಶಿನ ಕಿರಣದ ಅಗಲ ಒಂದು ಡಿಗ್ರಿಗೂ ಕಡಿಮೆ. ಹತ್ತು ಡಿಗ್ರಿ ತಪ್ಪಿದರೆ ಬೇರೆಯೇ ಆಕಾಶವನ್ನು ಹುಡುಕುತ್ತಿರುತ್ತೀರಿ. ಕಂಬದಿಂದ ಐದು ಮೀಟರ್ ದೂರ ನಿಂತು ದಿಕ್ಸೂಚಿ ನೋಡಿ, ಕಬ್ಬಿಣದ ಹತ್ತಿರ ಅದು ಸುಳ್ಳು ಹೇಳುತ್ತದೆ. ಇದಕ್ಕಿಂತ ನಂಬಿಕಸ್ಥ ದಾರಿ ಸೂರ್ಯ. ಆ ದಿನದ, ಆ ಹೊತ್ತಿನ ಸೂರ್ಯನ ದಿಕ್ಕನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಂಡು ಕಂಬದ ನೆರಳಿನಿಂದ ಅಳೆಯಿರಿ.

1. ಎತ್ತರದ ಕೋನವನ್ನು ಡಿಶ್ಶಿನ ಹಿಂಬದಿಯ ಅಳತೆಪಟ್ಟಿಯಲ್ಲಿ ಇಡಿ. ಡಿಶ್ಶಿನ ಮುಖ ನೋಡಿ ಅಂದಾಜು ಮಾಡಬೇಡಿ. ಆಫ್‌ಸೆಟ್ ಡಿಶ್, ಅಂದರೆ ಟ್ರಾನ್ಸ್‌ಸೀವರ್ ನಡುವೆ ಇರದೆ ಕೆಳಬದಿಯಲ್ಲಿರುವ ಡಿಶ್, ತಾನು ನೋಡುತ್ತಿರುವುದಕ್ಕಿಂತ ನೆಟ್ಟಗೆ ನಿಂತಂತೆ ಕಾಣುತ್ತದೆ.
2. ಮೋಡೆಮ್ಮಿನ ಹುಡುಕಾಟದ ಪರದೆ ತೆರೆದು, ಲೆಕ್ಕದ ದಿಕ್ಕಿನ 15 ಡಿಗ್ರಿ ಆಚೆಯಿಂದ ಅರ್ಧರ್ಧ ಡಿಗ್ರಿ ತಿರುಗಿಸುತ್ತ ಬನ್ನಿ. ಪ್ರತಿ ಹೆಜ್ಜೆಗೂ ಐದು ಸೆಕೆಂಡ್ ನಿಲ್ಲಿ, ಮೋಡೆಮ್ ಗುರುತು ಹಿಡಿಯಲು ಸಮಯ ತೆಗೆದುಕೊಳ್ಳುತ್ತದೆ.
3. ಸಿಗದಿದ್ದರೆ ಎತ್ತರವನ್ನು ಅರ್ಧ ಡಿಗ್ರಿ ಬದಲಿಸಿ ಮತ್ತೆ ಬನ್ನಿ.
4. ಸಿಕ್ಕ ಮೇಲೆ ಅತಿ ಹೆಚ್ಚಿನ ಸಂಖ್ಯೆಯ ಬೆನ್ನು ಹತ್ತಬೇಡಿ. ತುದಿ ಚಪ್ಪಟೆಯಾಗಿರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಎಡಕ್ಕೆ ತಿರುಗಿಸಿ ಸಿಗ್ನಲ್ 3 ಡೆಸಿಬೆಲ್ (ಸಿಗ್ನಲ್ಲಿನ ಬಲದ ಅಳತೆ) ಇಳಿದಲ್ಲಿ ಗುರುತು ಹಾಕಿ, ಬಲಕ್ಕೂ ಹಾಗೇ ಮಾಡಿ, ಎರಡರ ನಡುಮಧ್ಯಕ್ಕೆ ನಿಲ್ಲಿಸಿ. ಎತ್ತರಕ್ಕೂ ಇದೇ ಕ್ರಮ.
5. ಬೋಲ್ಟುಗಳನ್ನು ಒಂದಾದಮೇಲೊಂದು ಕಾಲು ಸುತ್ತಿನಂತೆ, ಪರದೆ ನೋಡುತ್ತ ಬಿಗಿಯಿರಿ. ಒಂದನ್ನೇ ಪೂರಾ ಬಿಗಿದರೆ ಡಿಶ್ ಓರೆಯಾಗುತ್ತದೆ.
6. ನಿಯಂತ್ರಣ ಕೇಂದ್ರದ ಒಪ್ಪಿಗೆ ಸಿಕ್ಕ ಮೇಲಷ್ಟೇ ಪ್ರಸಾರ ಆರಂಭಿಸಿ. ಪ್ರಸಾರ ನಡೆಯುವಾಗ ಡಿಶ್ಶಿನ ಮುಂದೆ ಯಾರೂ ನಿಲ್ಲಬಾರದು.

ನಿರ್ಮಲ ಆಕಾಶದಲ್ಲಿ ಬಂದ ಸಿಗ್ನಲ್ ಸಂಖ್ಯೆಯನ್ನು ಮೋಡೆಮ್ಮಿನ ಪಕ್ಕದ ಗೋಡೆಯ ಮೇಲೆ ಅಳಿಸದ ಮಾರ್ಕರಿನಲ್ಲಿ, ತಾರೀಖಿನ ಜತೆ ಬರೆಯಿರಿ. ಇಡೀ ಕೇಂದ್ರದಲ್ಲಿ ಇದಕ್ಕಿಂತ ಉಪಯುಕ್ತ ಉಪಕರಣ ಇನ್ನೊಂದಿಲ್ಲ. ಮಲೆನಾಡಿನ ಆಷಾಢದಲ್ಲಿ ಡಿಟಿಎಚ್ ಟಿವಿ ಕಟ್ಟಾಗುವಂತೆ ಇಲ್ಲೂ ಜೋರು ಮಳೆಗೆ ಸಂಪರ್ಕ ಹೋಗುತ್ತದೆ. ಕೆಎ-ಬ್ಯಾಂಡಿನ ಅಲೆ ಇನ್ನೂ ಚಿಕ್ಕದಾದ್ದರಿಂದ ಹೊಡೆತವೂ ಹೆಚ್ಚು. ಮಳೆ ನಿಂತ ಮೇಲೆ ತಾನೇ ಮರಳುತ್ತದೆ, ಆ ಹೊತ್ತಿನಲ್ಲಿ ಡಿಶ್ ಮುಟ್ಟಿದವರು ಸರಿಯಿದ್ದದ್ದನ್ನು ಕೆಡಿಸುತ್ತಾರೆ. ಆಕಾಶ ತಿಳಿಯಾದ ಮೇಲೂ ಗೋಡೆಯ ಸಂಖ್ಯೆಗಿಂತ ಎರಡು ಡೆಸಿಬೆಲ್ ಕೆಳಗೇ ನಿಂತರೆ ಮಾತ್ರ ತನಿಖೆ. ಮೊದಲು ಕನೆಕ್ಟರ್, ಆಮೇಲೆ ಮರ, ಕೊನೆಗೆ ಡಿಶ್ಶಿನ ದಿಕ್ಕು. ಇನ್ನೊಂದು ಸಂದರ್ಭವನ್ನೂ ಗೋಡೆಯ ಮೇಲೆ ಬರೆದಿಡಿ. ಮಾರ್ಚ್ ಕೊನೆಯ ವಾರ ಮತ್ತು ಸೆಪ್ಟೆಂಬರ್ ಮೂರನೇ ವಾರದ ಕೆಲವು ದಿನ ಮಧ್ಯಾಹ್ನ ಎರಡೂಕಾಲು–ಎರಡೂವರೆಗೆ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ಕೆಲವು ನಿಮಿಷ ಸಂಪರ್ಕವನ್ನು ಮುಳುಗಿಸುತ್ತಾನೆ. ಅದು ದೋಷವಲ್ಲ.

ಉಪ್ಪು, ಹಲ್ಲಿ, ಇಲಿ

ಮೋಡೆಮ್ಮಿನಿಂದ ಡಿಶ್ಶಿಗೆ ಹೋಗುವ ಕೇಬಲ್ಲಿನಲ್ಲಿ ಸಿಗ್ನಲ್ಲಿನ ಜತೆ ಡಿಸಿ ವಿದ್ಯುತ್ತೂ ಹರಿಯುತ್ತದೆ. ಉಪ್ಪುನೀರು ಮತ್ತು ಡಿಸಿ ಸೇರಿದರೆ ತಾಮ್ರ ಕರಗುತ್ತದೆ. ಕೆಟ್ಟ ಎಫ್ ಕನೆಕ್ಟರ್ (ಟಿವಿ ಕೇಬಲ್ಲಿನ ತುದಿಯಲ್ಲಿರುವಂಥದು) ಬಿಚ್ಚಿದರೆ ನಡುವಿನ ತಂತಿ ಹಸಿರು-ಕಪ್ಪಾಗಿ ಸೂಜಿಯಂತೆ ತೆಳುವಾಗಿರುವುದು ಕಾಣುತ್ತದೆ. ಬಿಚ್ಚುವ ಮುಂಚೆ ಮೋಡೆಮ್ ಆರಿಸಿ, ಇಲ್ಲದಿದ್ದರೆ ಶಾರ್ಟ್ ಆಗಿ ಮೋಡೆಮ್ಮೇ ಹೋದೀತು.

ತಡೆಯುವ ಕ್ರಮ ಹೀಗೆ. ಕೇಬಲ್ಲಿಗೆ ತಿರುಪಿ ಕೂರಿಸುವ ಕನೆಕ್ಟರ್ ಬೇಡ, ಒತ್ತುಯಂತ್ರದಿಂದ ಒತ್ತಿ ಕೂರಿಸುವ ಕಂಪ್ರೆಷನ್ ಕನೆಕ್ಟರ್ ಹಾಕಿ. ಜೋಡಿಸುವ ಮುಂಚೆ ಒಳಗೆ ಚಿಟಿಕೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ಬಿಗಿದ ಮೇಲೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಅರ್ಧ ಅಗಲಕ್ಕೆ ಬರುವಷ್ಟು ಎಳೆದು, ಅರ್ಧಕ್ಕರ್ಧ ಒಂದರ ಮೇಲೊಂದು ಬರುವಂತೆ, ಕೆಳಗಿನಿಂದ ಮೇಲಕ್ಕೆ ಸುತ್ತಿ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಅಂಚೂ ನೀರು ಹಿಡಿಯುವ ಬಾಯಾಗುತ್ತದೆ. ರಬ್ಬರ್ ಬಿಸಿಲಿಗೆ ಹಾಳಾಗದಂತೆ ಅದರ ಮೇಲೆ ಕಪ್ಪು ಪಿವಿಸಿ ಟೇಪು. ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ಒಂದು ಬಾಗು ಕೆಳಗಿಳಿದು ಮತ್ತೆ ಏರಲಿ, ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಬೋಲ್ಟುಗಳು 316 ದರ್ಜೆಯ ಸ್ಟೇನ್‌ಲೆಸ್ ಇರಲಿ, 304 ಇಲ್ಲಿ ಕಂದುಗಟ್ಟುತ್ತದೆ. ಎಳೆಗೆ ಆಂಟಿ-ಸೀಜ್ ಪೇಸ್ಟ್ ಹಚ್ಚದಿದ್ದರೆ ಮುಂದೆ ಬಿಚ್ಚಲು ಗರಗಸವೇ ಬೇಕು. ಸ್ಟೇನ್‌ಲೆಸ್ ಬೋಲ್ಟು ನೇರ ಅಲ್ಯುಮಿನಿಯಂ ಚೌಕಟ್ಟಿಗೆ ತಾಗಿದರೆ ಅಲ್ಯುಮಿನಿಯಂ ಪುಡಿಯಾಗುತ್ತದೆ, ನಡುವೆ ನೈಲಾನ್ ವಾಷರ್ ಹಾಕಿ. ಫ್ಯಾನ್ ಇರುವ ಯಾವ ಉಪಕರಣವೂ ಬೇಡ. ಅದು ದಿನವಿಡೀ ಉಪ್ಪುಗಾಳಿಯನ್ನು ಒಳಗೆ ಎಳೆದು ಸರ್ಕ್ಯೂಟಿನ ಮೇಲೆ ಪೇರಿಸುತ್ತದೆ. ಬೆಚ್ಚಗಿನ ಪೆಟ್ಟಿಗೆ ಹಲ್ಲಿಗೆ ಇಷ್ಟ. ಎರಡು ಟರ್ಮಿನಲ್ ನಡುವೆ ಹಲ್ಲಿ ಸತ್ತು ಶಾರ್ಟ್ ಆಗುವುದು ಇಂಥ ದ್ವೀಪಗಳಲ್ಲಿ ನಿತ್ಯದ ದೋಷ. ಎಲ್ಲ ರಂಧ್ರಕ್ಕೂ ಸ್ಟೇನ್‌ಲೆಸ್ ಜಾಲರಿ ಕೊಡಿ. ಇಲಿ ಕೇಬಲ್ ಕಡಿಯುತ್ತದೆ, ನೆಲದಡಿಯದೆಲ್ಲ ಪೈಪಿನೊಳಗಿರಲಿ. ಉಪಕರಣದ ಹಲಗೆ ನೆಲದಿಂದ ಒಂದೂವರೆ ಮೀಟರ್ ಮೇಲಿರಲಿ. 2015ರ ಮಾರ್ಚಿನಲ್ಲಿ ಪಾಮ್ ಚಂಡಮಾರುತದ ಅಲೆಗಳು ನುಯಿ ದ್ವೀಪದ ಮನೆಗಳಿಗೇ ನುಗ್ಗಿದ್ದವು, ಚಂಡಮಾರುತದ ಕಣ್ಣು ನೂರಾರು ಕಿ.ಮೀ. ದೂರದಲ್ಲಿದ್ದರೂ.

ಅರ್ತಿಂಗ್ ಸಲಾಕೆ 2.4 ಮೀಟರಿನದು. ಮೇಲಿನ ಹವಳದ ಮರಳು ಒಣಗಿದ್ದು ವಿದ್ಯುತ್ ಒಯ್ಯುವುದಿಲ್ಲ, ಒಂದೆರಡು ಮೀಟರ್ ಕೆಳಗೆ ಉಪ್ಪುನೀರಿನ ಮಟ್ಟ ಮುಟ್ಟಿದರೆ ಸರಿಹೋಗುತ್ತದೆ. ಡಿಶ್, ಎಚ್‌ಎಫ್, ಸೋಲಾರ್ ಮೂರರ ಅರ್ತಿಂಗನ್ನೂ ಒಂದಕ್ಕೊಂದು ಜೋಡಿಸಿ.

ದೋಣಿಗಳ ವಿಎಚ್‌ಎಫ್‌ಗೆ ಹೆಚ್ಚು ಹೇಳಬೇಕಿಲ್ಲ. ದಡದಲ್ಲಿ 10 ಮೀಟರ್ ಎತ್ತರದ ಆಂಟೆನಾ, ದೋಣಿಯಲ್ಲಿ ನೀರಿನಿಂದ 2 ಮೀಟರ್ ಮೇಲೆ ಆಂಟೆನಾ ಇದ್ದರೆ 18-19 ಕಿ.ಮೀ. ತನಕ ಮಾತು ಮುಟ್ಟುತ್ತದೆ. 156.8 ಮೆಗಾಹರ್ಟ್ಸಿನ 16ನೇ ಚಾನೆಲ್ ಕರೆಗೆ ಮತ್ತು ಅಪಾಯಕ್ಕೆ ಮಾತ್ರ, ಹರಟೆಗೆ ಬೇರೆ ಚಾನೆಲ್.

ಇದ್ದಷ್ಟನ್ನು ಹಂಚುವುದು

ಇಡೀ ದ್ವೀಪಕ್ಕೆ ಕೆಲವೇ ಮೆಗಾಬಿಟ್ ಇರುವಾಗ ಅದನ್ನು ಮುಗಿಸುವುದು ಜನರಲ್ಲ, ಫೋನುಗಳು ತಮ್ಮಷ್ಟಕ್ಕೆ ಇಳಿಸಿಕೊಳ್ಳುವ ಅಪ್‌ಡೇಟುಗಳು ಮತ್ತು ತಾನಾಗಿ ಏರುವ ಫೋಟೋ ಬ್ಯಾಕಪ್ಪು. ರೂಟರಿನಲ್ಲಿ ಇವೆರಡನ್ನೂ ಬೆಳಗಿನಿಂದ ರಾತ್ರಿ ಹನ್ನೊಂದರವರೆಗೆ ತಡೆದು, ಆಮೇಲೆ ಬಿಡಿ. ಆಸ್ಪತ್ರೆಯ ಯಂತ್ರಕ್ಕೆ ಯಾವಾಗಲೂ ಮೊದಲ ಸಾಲು. ದನಿಯನ್ನು ಕುಗ್ಗಿಸುವ ಜಿ.729 ವಿಧಾನದಲ್ಲಿ ಒಂದು ದನಿಕರೆಗೆ ಒಂದೊಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 30 ಕಿಲೋಬಿಟ್ ಸಾಕು, ಎರಡು ಕರೆಯಷ್ಟನ್ನು ಯಾರೂ ಮುಟ್ಟದಂತೆ ಕಾದಿರಿಸಿ. ಉಪಗ್ರಹ 35,786 ಕಿ.ಮೀ. ಎತ್ತರದಲ್ಲಿರುವುದರಿಂದ ಮಾತು ಆಚೆ ಮುಟ್ಟಲು ಕಾಲು ಸೆಕೆಂಡ್, ಉತ್ತರ ಬರಲು ಮತ್ತೆ ಕಾಲು ಸೆಕೆಂಡ್ ಬೇಕು. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡುವ ರೂಢಿಯನ್ನು ದಾದಿಯರಿಗೆ ಮೊದಲೇ ಹೇಳಿಕೊಟ್ಟರೆ ಅರ್ಧ ದೂರು ಇಲ್ಲವಾಗುತ್ತದೆ.

ಯಾರು ನೋಡಿಕೊಳ್ಳುತ್ತಾರೆ

ಕನಿಷ್ಠ ಮೂವರಿಗೆ ಕಲಿಸಿ. ತುವಾಲುವಿನ ಯುವಕರಲ್ಲಿ ಅನೇಕರು ನಾವಿಕರಾಗಿ ತಿಂಗಳುಗಟ್ಟಲೆ ಕಡಲ ಮೇಲಿರುತ್ತಾರೆ, ಇಲ್ಲವೇ ನ್ಯೂಜಿಲೆಂಡಿನ ತೋಟಗಳಿಗೆ ಹಂಗಾಮಿ ಕೆಲಸಕ್ಕೆ ಹೋಗುತ್ತಾರೆ. ಊರಲ್ಲೇ ಉಳಿಯುವ ದಾದಿ, ಶಿಕ್ಷಕಿ, ಕೌಪುಲೆಯ ಗುಮಾಸ್ತರನ್ನು ಆರಿಸಿ. ಕಲಿಸುವುದೆಂದರೆ ತೋರಿಸುವುದಲ್ಲ. ಒಂದು ಕನೆಕ್ಟರನ್ನು ಬೇಕೆಂದೇ ಕತ್ತರಿಸಿ, ಅವರೇ ಹೊಸದನ್ನು ಹಾಕಿ ಟೇಪು ಸುತ್ತಿ ಸಂಪರ್ಕ ಮರಳಿಸಬೇಕು. ಒಬ್ಬೊಬ್ಬರೂ ಒಮ್ಮೆ ಮಾಡುವವರೆಗೆ ಹಡಗು ಹತ್ತಬೇಡಿ.

ದಿನಕ್ಕೆರಡು ಬಾರಿ, ಬೆಳಗ್ಗೆ ಹಗಲಿನ ಫ್ರೀಕ್ವೆನ್ಸಿಯಲ್ಲಿ ಮತ್ತು ಕತ್ತಲಾದ ಮೇಲೆ ರಾತ್ರಿಯದರಲ್ಲಿ, ಗೊತ್ತಾದ ಹೊತ್ತಿಗೆ ಫುನಾಫುಟಿಯ ಜತೆ ಎಚ್‌ಎಫ್ ಮಾತು ನಡೆಯಲೇಬೇಕು, ಇಂಟರ್ನೆಟ್ ಚೆನ್ನಾಗಿದ್ದರೂ. ದಿನಾ ಬಳಸದ ರೇಡಿಯೊ ಕೆಟ್ಟದ್ದು ಗೊತ್ತಾಗುವುದು ಚಂಡಮಾರುತದ ರಾತ್ರಿ. ವಾರಕ್ಕೊಮ್ಮೆ ಬ್ಯಾಟರಿಯ ವೋಲ್ಟೇಜು ಮತ್ತು ಸಿಗ್ನಲ್ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯಲಿ. ತಿಂಗಳಿಗೊಮ್ಮೆ ಫಲಕ ಒರೆಸಿ, ಇಳಿಬಿಟ್ಟ ಹಗ್ಗ, ಜಾಲರಿ, ಟೇಪು ನೋಡಲಿ.

ನವೆಂಬರಿನಿಂದ ಏಪ್ರಿಲ್ ಚಂಡಮಾರುತದ ಕಾಲ. ಎಚ್ಚರಿಕೆ ಬಂದ ಕೂಡಲೇ ಎರಡೂ ಬ್ಯಾಟರಿ ತುಂಬಿವೆಯೇ ನೋಡಿ, ಡಿಶ್ಶಿನ ಈಗಿನ ದಿಕ್ಕನ್ನು ಕಂಬದ ಮೇಲೂ ಹಿಡಿಕೆಯ ಮೇಲೂ ಒಂದೇ ಗೆರೆಯಾಗಿ ಬಣ್ಣದಲ್ಲಿ ಗುರುತಿಸಿ. ಮೋಡೆಮ್ ಆರಿಸಿ, ಟ್ರಾನ್ಸ್‌ಸೀವರ್ ಮತ್ತು ಡಿಶ್ಶಿನ ತಟ್ಟೆ ಬಿಚ್ಚಿ ಒಳಗಿಡಿ. ನಾಲ್ಕು ಬೋಲ್ಟಿನ ಕೆಲಸ, ಇಬ್ಬರಿದ್ದರೆ ಬೇಗ ಮುಗಿಯುತ್ತದೆ. ಎಚ್‌ಎಫ್ ಆಂಟೆನಾ ಹಾಗೇ ಇರಲಿ. ಬಿದ್ದರೂ ಮರಳಿ ಏರಿಸಲು ಹಗ್ಗವೊಂದು ಸಾಕು, ಅಳತೆ ಮಾಡಿ ಕತ್ತರಿಸಿದ ಇನ್ನೊಂದು ಜೋಡಿ ತಂತಿ ಪೆಟ್ಟಿಗೆಯಲ್ಲಿರುತ್ತದೆ.

ಆ ಪೆಟ್ಟಿಗೆಯಲ್ಲಿ ಇನ್ನೂ ಇರಬೇಕಾದವು: ಇನ್ನೊಂದು ಮೋಡೆಮ್, ಇನ್ನೊಂದು ಟ್ರಾನ್ಸ್‌ಸೀವರ್, ಒಂದು ಚಾರ್ಜ್ ಕಂಟ್ರೋಲರ್, ಪ್ರತಿ ಬಗೆಯ ಫ್ಯೂಸ್ ಹತ್ತು, 30 ಮೀಟರ್ ಆರ್‌ಜಿ-6 ಕೇಬಲ್, ಇಪ್ಪತ್ತು ಕನೆಕ್ಟರ್, ಅವುಗಳ ಒತ್ತುಯಂತ್ರ, ಆರು ಸುರುಳಿ ರಬ್ಬರ್ ಟೇಪು, ಬ್ಯಾಲನ್, ಎಸ್‌ಡಬ್ಲ್ಯುಆರ್ ಮೀಟರ್, ಮಲ್ಟಿಮೀಟರ್ ಮತ್ತು ಅದರ ಬ್ಯಾಟರಿ, ಪ್ರತಿ ಬೋಲ್ಟಿಗೆ ತಕ್ಕ ಸ್ಪ್ಯಾನರ್ ಎರಡೆರಡು. ಎಲ್ಲವೂ ಮುಚ್ಚಳ ಬಿಗಿಯುವ ಡ್ರಮ್ಮಿನಲ್ಲಿ, ಸಿಲಿಕಾ ಜೆಲ್ ಚೀಲಗಳ ಜತೆ, ಕೇಂದ್ರದಿಂದ ದೂರದ ಇನ್ನೊಂದು ಕಟ್ಟಡದಲ್ಲಿರಲಿ. ಒಂದೇ ಅಲೆ ಎರಡನ್ನೂ ಒಯ್ಯಬಾರದು. ವರ್ಷಕ್ಕೊಮ್ಮೆ ಬಿಡಿ ಮೋಡೆಮ್ಮನ್ನು ಜೋಡಿಸಿ ಒಂದು ದಿನ ನಡೆಸಿ, ಕಂಪನಿಯಲ್ಲಿ ಅದರ ನೋಂದಣಿ ಜೀವಂತವಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಆಯಸ್ಸು ಮುಗಿದ ಬ್ಯಾಟರಿಗಳನ್ನು ದ್ವೀಪದಲ್ಲಿ ಹೂಳಬಾರದು, ನೆಲದಡಿಯ ನೀರಿನಲ್ಲೇ ಅಲ್ಲಿನವರು ಪುಲಕಾ ಗೆಡ್ಡೆ ಬೆಳೆಯುತ್ತಾರೆ. ಹೊಸ ಬ್ಯಾಟರಿ ತರುವ ಹಡಗಿನಲ್ಲೇ ಹಳೆಯದನ್ನು ಹಿಂದಕ್ಕೆ ಕಳಿಸುವ ಬಾಡಿಗೆಯನ್ನು ಮೊದಲ ದಿನದ ಅಂದಾಜುಪಟ್ಟಿಯಲ್ಲೇ ಸೇರಿಸಿ.